ಬಂಗಿಯನ್ನು ಅರೆದ ಕಲ್ಲು
(ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ಕುರಿತ ಒಂದು ವಿಚಾರ)

ಬಂಗಿ, ಗಾಂಜಾ, ಚರಸ್ಸು ಎಂಬ ಮೂರೂ ಒಂದೇ ಗಿಡದಿಂದ ಹುಟ್ಟಿದವು. ಒಣಗಿದ ಎಲೆಯು ಬಂಗಿ, ಹೆಣ್ಣುಗಿಡದ ಹೂಗೊನೆಯು ಗಾಂಜಾ, ಅದರಿಂದ ಒಸರುವ ಅಂಟು ಚರಸ್ಸು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಗೌರವದ ಹೆಸರುಂಟು. ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತವಾಗಿರುವ ತ್ರಿಪದಿಗಳಲ್ಲಿಯಾದರೋ ಬಂಗಿಯ ಚಟವು ನಿಂದೆಗೆ ಗುರಿಯಾಗಿದೆ. ಇದರ ತೆರಿಗೆ, ನಿಷೇಧ, ಔಷಧಗುಣಗಳನ್ನು ಕುರಿತು ವಿಸ್ತಾರವಾದ ಬರವಣಿಗೆಯು ಬೆಳೆದಿದೆ. ಆದರೆ ಅದನ್ನು ಅರೆದ ಕಲ್ಲಿನ ಕಡೆಗೆ, ಆ ಕಲ್ಲನ್ನು ತೊಳೆದು ಕಾಪಾಡಿದ ಕೈಗಳ ಕಡೆಗೆ, ಚರಿತ್ರಕಾರರ ದೃಷ್ಟಿಯು ಹರಿದುದು ವಿರಳ.

ಇದಕ್ಕೆ ಒಂದು ಕಾರಣವು ಆಧಾರಗ್ರಂಥಗಳಲ್ಲಿಯೇ ಇದೆ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ 1893ರಲ್ಲಿ ಹಿಂದೂಸ್ಥಾನದ ಸರ್ಕಾರವು ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಆ ಆಯೋಗವು 1193 ಮಂದಿ ಸಾಕ್ಷಿಗಳನ್ನು ವಿಚಾರಿಸಿ, 1894ರಲ್ಲಿ ಏಳು ಸಂಪುಟಗಳ ವರದಿಯನ್ನು ಸಲ್ಲಿಸಿತು. ಸಂಪೂರ್ಣ ನಿಷೇಧವು ಅವಶ್ಯವಲ್ಲವೆಂಬುದು ಅದರ ನಿರ್ಣಯ. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಮೂಡಲಗಿಯು ಗೋಕಾವಿ ತಾಲೂಕಿನ ಒಂದು ಊರಾಗಿತ್ತು. ಆಯೋಗದ ಪ್ರಶ್ನಾವಳಿಯು ಬೆಳೆ, ವ್ಯಾಪಾರ, ಸುಂಕ, ದೇಹದ ಮೇಲೆ ಆಗುವ ಪರಿಣಾಮ, ಹುಚ್ಚಿಗೂ ಇದಕ್ಕೂ ಇರುವ ಸಂಬಂಧ ಇವುಗಳ ಸುತ್ತ ತಿರುಗುವುದು. ಅರೆಯುವ ಸಾಧನದ ಮಾತು ಬಂದರೂ ಪ್ರಾಸಂಗಿಕವಾಗಿ ಮಾತ್ರ ಬರುವುದು. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ಅಚ್ಚಾಯಿತು. ಸರ್ಕಾರವು ಕೇಳದೆ ಬಿಟ್ಟ ಒರಳು, ಗುಂಡು, ಒನಕೆಗಳ ಶಬ್ದಸಂಪತ್ತನ್ನು ಅರಸುವವರು ಅಂತಹ ನಿಘಂಟಿಗೇ ಹೋಗಬೇಕು.

ಸಾಧನಗಳ ವಿಷಯದಲ್ಲಿ ಗಾಂಜಾ, ಬಂಗಿಗಳಿಗೆ ದೊಡ್ಡ ಅಂತರವಿದೆ. ಗಾಂಜಾವನ್ನು ಸೇದುವವನಿಗೆ ಕಲ್ಲು ಬೇಕಾಗಿಲ್ಲ. ಗೊನೆಯನ್ನು ನೀರಿನಿಂದ ತುಸು ನೆನೆಯಿಸಿ ಅಂಗೈಯಲ್ಲಿ ತಿಕ್ಕಿ, ಚೂರಿಯಿಂದ ಹೆಚ್ಚಿ ಚಿಲುಮೆಗೆ ತುಂಬಿದರೆ ಮುಗಿಯಿತು. ವಂಗದೇಶದಲ್ಲಿ ಆ ಚೂರಿಗೂ ಹಲಗೆಗೂ ರತನ್ ಕಟಾರಿ, ಪ್ರೇಮ್ ತಕ್ತಿ ಎಂಬ ವಿನೋದದ ಹೆಸರುಗಳಿದ್ದುವು. ಬಂಗಿಯು ಹಾಗಲ್ಲ. ಅದನ್ನು ನುಣ್ಣಗೆ ಅರೆದು, ನೀರಿನಲ್ಲಿ ಅಥವಾ ಹಾಲಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಕುಡಿಯುವುದು ರೂಢಿ. ಆದುದರಿಂದ ಅರೆಯುವ ಕಲ್ಲೇ ಅದಕ್ಕೆ ಮುಖ್ಯ ಸಾಧನ. ಘಟ್ಟದ ಕೆಳಗಣ ಗೋವೆಯಲ್ಲಿ 1563ರಲ್ಲಿ ತನ್ನ ಗ್ರಂಥವನ್ನು ಅಚ್ಚುಹಾಕಿಸಿದ ಪೋರ್ತುಗೀಸ ವೈದ್ಯ ಗಾರ್ಸಿಯ ದ ಓರ್ತನು, ಈ ಎಲೆಯನ್ನು ಕೆಲವೊಮ್ಮೆ ಬೀಜದೊಡನೆ ಕುಟ್ಟಿ, ಹಸಿಯಡಕೆ ಜಾಜಿಕಾಯಿಗಳನ್ನು ಕೂಡಿಸುತ್ತಿದ್ದರೆಂದು ತಿಳಿಸಿರುವನು. ಅಡಕೆ ಜಾಜಿಕಾಯಿಗಳನ್ನು ಪುಡಿಮಾಡಬಲ್ಲ ಕಲ್ಲು ಗಟ್ಟಿಯಾದ ಕಲ್ಲೇ ಆಗಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ವೈದ್ಯರ ಖಲ್ವಕ್ಕಾದರೆ ಶಾಸ್ತ್ರೋಕ್ತವಾದ ಲಕ್ಷಣಗಳೂ ಅಳತೆಗಳೂ ಉಂಟು. ವಿಜಯೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ಆಕಳ ತುಪ್ಪದಲ್ಲಿ ಹುರಿದ ಬಳಿಕವೇ ಔಷಧಕ್ಕೆ ಸೇರಿಸುವುದು ಅವರ ಶೋಧನಕ್ರಮ. ಮನೆಗಳಲ್ಲಿ ಬಂಗಿಗೆಂದೇ ಬೇರೆ ಕಲ್ಲನ್ನು ಕಟೆಯಿಸಬೇಕಾದ ಅವಶ್ಯಕತೆ ಇರಲಿಲ್ಲ. ಕಾರವನ್ನು ಅರೆದ ಕಲ್ಲು ಎಲೆಯನ್ನೂ ಅರೆಯುವುದು.

ಈ ಸೀಮೆಯ ನೆಲವು ಅರೆಯುವ ಕಲ್ಲಿಗೆ ಎರಡು ಬಗೆಯ ಶಿಲೆಗಳನ್ನು ಒದಗಿಸಿದೆ. ಘಟಪ್ರಭೆಯು 171 ಅಡಿ ಧುಮುಕುವ ಗೋಕಾವಿಯ ಜಲಪಾತದ ಬಂಡೆಯು ಕಲಾದಗಿ ವರ್ಗದ ಮರಳುಗಲ್ಲು. ದಕ್ಷಿಣ ಮಹಾರಾಷ್ಟ್ರ ಸೀಮೆಯ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟವಾದ ರಾಬರ್ಟ್ ಬ್ರೂಸ್ ಫೂಟರ ಗ್ರಂಥದಲ್ಲಿ ಈ ವರ್ಗದ ವಿವರಣೆಯಿದೆ. ಅದರ ಉತ್ತರಕ್ಕೂ ಪಶ್ಚಿಮಕ್ಕೂ ಕರಿಯ ಅಗ್ನಿಶಿಲೆಯ ಹಾಸು ಹಬ್ಬಿಕೊಂಡಿದೆ. ಮರಳುಗಲ್ಲು ತಾನಾಗಿಯೇ ತರಿತರಿಯಾಗಿರುವುದರಿಂದ ಚೆನ್ನಾಗಿ ಕಚ್ಚುವುದು, ಆದರೆ ಕಣಗಳು ಉದುರಿ ಅರೆದ ಪದಾರ್ಥದಲ್ಲಿ ಸೇರುವುವು. ಕರಿಕಲ್ಲು ಉದುರುವುದಿಲ್ಲ, ಆದರೆ ಬೇಗನೆ ನುಣುಪೇರಿ ಎಲೆಯನ್ನು ಜಾರಿಸುವುದು. ಕರಿಕಲ್ಲಿನಲ್ಲಿಯೇ ಸಣ್ಣ ಗುಳಿಗಳುಳ್ಳ ಇನ್ನೊಂದು ಜಾತಿಯುಂಟು. ಅದು ಸವೆದಷ್ಟೂ ಹೊಸ ಗುಳಿಗಳು ತೆರೆಯುವುದರಿಂದ ಅದರ ತರಿ ಎಂದಿಗೂ ಹೋಗದು. ಆ ಗುಳಿಗಳಲ್ಲಿ ಹಿಂದಿನ ದಿನದ ಪದಾರ್ಥವೂ ಸಿಕ್ಕಿಕೊಂಡಿರುವುದು. ಅಡುಗೆಯವಳಿಗೆ ಇದು ದೋಷ. ಶೋಧಕನಿಗೆ ಇದೇ ಗುಣವೆಂಬುದು ಮುಂದೆ ವ್ಯಕ್ತವಾಗುವುದು.

ಕಲ್ಲನ್ನು ಕಾಪಾಡುವುದೆಂದರೆ ಅದರ ತರಿಯನ್ನು ಉಳಿಸಿ ಅದರ ಜಿಗುಟನ್ನು ಕಳೆಯುವುದು. ಹೊಸ ಕಲ್ಲು ಮನೆಗೆ ಬಂದೊಡನೆ ಅದರಲ್ಲಿ ತೌಡನ್ನೋ ಅಗ್ಗದ ಕಾಳನ್ನೋ ಎರಡು ಮೂರು ಸಲ ಅರೆದು ಚೆಲ್ಲುವರು. ಹಲ್ಲಿಗೆ ಮರಳು ಸಿಕ್ಕದಾದ ಮೇಲೆಯೇ ಅದು ಬಳಕೆಗೆ ಯೋಗ್ಯ. ಪ್ರತಿಸಲವೂ ಅರೆದ ಮೇಲೆ ಕೈಯಿಂದ ಬಳಿದು, ನೀರು ಹೊಯ್ದು, ಹರಳುಪ್ಪಿನಿಂದಲೋ ಬೂದಿಯಿಂದಲೋ ತಿಕ್ಕಿ ಬಿಸಿಲಿಗೆ ಇಡುವುದುಂಟು. ನುಣುಪೇರಿದ ಕಲ್ಲಿಗೆ ಕಲ್ಲುಕುಟಿಗರಿಂದ ಉಳಿಯ ಕಚ್ಚು ಹಾಕಿಸುವರು. ಹಿತ್ತಾಳೆಯ ಖಲಬತ್ತಿಗೆ ಹುಣಸೆಯ ಹಣ್ಣೇ ಸಾಕು. ಬಂಗಿಯ ವಿಷಯದಲ್ಲಿ ಬರಿಯ ನೀರು ಸಾಲದಿರುವುದಕ್ಕೆ ಕಾರಣವುಂಟು. ಈ ಗಿಡದ ಮಾದಕಸತ್ತ್ವವನ್ನು ಗಾವೋನಿ, ಮೆಶೂಲಮ್ ಎಂಬ ವಿಜ್ಞಾನಿಗಳು 1964ರಲ್ಲಿ ಬೇರ್ಪಡಿಸಿ ಅದರ ಸ್ವರೂಪವನ್ನು ನಿರ್ಣಯಿಸಿದರು. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆ ತುಪ್ಪಗಳಲ್ಲಿ ಕರಗುವುದು. ಪೂರ್ವಿಕರು ಹಾಲು ತುಪ್ಪಗಳನ್ನು ಸೇರಿಸಿದುದು ರುಚಿಗಾಗಿ ಮಾತ್ರವಲ್ಲವೆಂಬುದು ಇದರಿಂದ ವಿದಿತವಾಗುವುದು. ಎಲೆಯ ಹಸುರು ತೊಳೆದುಹೋದ ಕಲ್ಲಿನ ಗುಳಿಯಲ್ಲಿಯೂ ಅಂಟಿನ ಲೇಶವು ಉಳಿದಿರಬಹುದಾದುದೂ ಇದರಿಂದಲೇ.

ಅಂತಹ ಲೇಶದಿಂದ ಚರಿತ್ರೆಗೆ ಆಗಿರುವ ಉಪಕಾರವು ಸ್ವಲ್ಪವಲ್ಲ. ಪಾಮೀರ್ ಪರ್ವತಗಳಲ್ಲಿಯ ಜಿರ್‌ಜಂಕಲ್ ಎಂಬ ಸ್ಮಶಾನದಲ್ಲಿ ದೊರೆತ, ಸುಮಾರು 2500 ವರ್ಷಗಳ ಹಿಂದಿನ ಮರದ ಧೂಪಪಾತ್ರೆಗಳಲ್ಲಿ ಈ ಸತ್ತ್ವದ ಗುರುತುಗಳಿರುವುವೆಂದು 2019ರಲ್ಲಿ ಪ್ರಕಟವಾಯಿತು. ತೆಲ್ ಅರಾದಿನ ದೇವಾಲಯದಲ್ಲಿ 1960ರ ದಶಕದಲ್ಲಿ ಅಗೆದು ತೆಗೆದ ಎರಡು ಬಲಿಪೀಠಗಳ ಪೈಕಿ ಒಂದರ ಮೇಲೆ ಇದೇ ಗಿಡದ ಶೇಷವಿರುವುದೆಂದು 2020ರಲ್ಲಿ ಸಿದ್ಧಪಟ್ಟಿತು. ಪೀಠದ ಮೇಲಣ ಕರಿಯ ಹೊರಪೊರೆಯನ್ನು ಅಗೆದವರು ಉಜ್ಜಿ ತೆಗೆದಿದ್ದರೆ ಈ ಸಂಗತಿಯು ಎಂದೆಂದಿಗೂ ತಿಳಿಯುತ್ತಿರಲಿಲ್ಲ. ಗೋಕಾವಿ ಹುಕ್ಕೇರಿಗಳ ಒರಳುಗಳಿಗೆ ಈಗ ಒದಗಿರುವ ಅಪಾಯವೂ ಇದೇ. ಗಿರಣಿಯೂ ವಿದ್ಯುತ್ತಿನ ಮಿಕ್ಸರೂ ಬಂದ ಮೇಲೆ ಅವು ಹಿತ್ತಿಲಿನಲ್ಲಿ ಬಿದ್ದಿವೆ. ಅಭಿಮಾನದಿಂದ ಎತ್ತಿಟ್ಟವರು ಅವುಗಳನ್ನು ಮೊದಲು ಚೆನ್ನಾಗಿ ತಿಕ್ಕಿ, ಎಣ್ಣೆ ಬಳಿದು, ಹೊಳಪುಕೊಟ್ಟು ನಿಲ್ಲಿಸುವರು. ನೂರು ವರ್ಷಗಳ ಗೃಹಕೃತ್ಯವು ಮಾಡದ ನಾಶವನ್ನು ಒಂದು ಬೆಳಗಿನ ಅಭಿಮಾನವು ಮಾಡಿಬಿಡುವುದು.

ಇದರ ಜೊತೆಗೆ ಭಯವೂ ಕೂಡಿದೆ. 1878ರ ಮುಂಬಯಿ ಅಬಕಾರಿ ಕಾಯಿದೆ, 1949ರ ಮುಂಬಯಿ ಪಾನನಿರೋಧ ಕಾಯಿದೆ, ಅನಂತರ 1985ರ ಕೇಂದ್ರ ಕಾಯಿದೆ ಹೀಗೆ ಕಟ್ಟುಪಾಡುಗಳು ಬಿಗಿಯಾಗುತ್ತ ಬಂದುವು. 1985ರ ಕಾಯಿದೆಯ ವ್ಯಾಖ್ಯೆಯಲ್ಲಿ, ಹೂಗೊನೆಯೊಡನೆ ಇಲ್ಲದ ಎಲೆಯು ಗಾಂಜಾ ಎನಿಸದು. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಒಂದು ಜಾಮೀನಿನ ಅರ್ಜಿಯನ್ನು ವಿಚಾರಿಸುವಾಗ ಈ ಭೇದವನ್ನು ಎತ್ತಿ ಹೇಳಿತು. ಆದರೂ ಅಪರಾಧಕ್ಕೆ ಬಳಸಿದ ಪಾತ್ರೆ ಸಾಧನಗಳು ಜಪ್ತಿಗೆ ಒಳಗಾಗತಕ್ಕವೆಂದು ಅದೇ ಕಾಯಿದೆಯ 60ನೆಯ ಪ್ರಕರಣವು ವಿಧಿಸುವುದು. ಹೀಗಿರುವಲ್ಲಿ, ತನ್ನ ಅಜ್ಜನ ಕಲ್ಲು ಏನನ್ನು ಅರೆಯುತ್ತಿತ್ತೆಂಬುದನ್ನು ಯಾವ ಮನೆಯವನು ಧೈರ್ಯವಾಗಿ ಹೇಳುವನು? ಹಳೆಯ ಒರಳನ್ನು ಕುರಿತ ಮೌನವನ್ನು ಅಜ್ಞಾನವೆಂದು ಭಾವಿಸುವುದು ಯುಕ್ತವಲ್ಲ.

ಇದಕ್ಕೆ ವಿರುದ್ಧವಾದ ತಪ್ಪಿಗೂ ಎಡೆಗೊಡಬಾರದು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವು ಪ್ರಸಾದವಾಗಿ ಸಲ್ಲುವ ಪದ್ಧತಿಯು 2020ರ ವೃತ್ತಪತ್ರಿಕೆಗಳಲ್ಲಿ ಬಹಳವಾಗಿ ವರ್ಣಿತವಾಯಿತು. ಅದರಿಂದ ಮೂಡಲಗಿಯ ಶಿವಬೋಧರಂಗ ಮಠಕ್ಕಾಗಲಿ ಹುಕ್ಕೇರಿಯ ಮಠಕ್ಕಾಗಲಿ ಅಂತಹದೇ ಆಚಾರವನ್ನು ಆರೋಪಿಸುವುದು ನ್ಯಾಯವಲ್ಲ. ಒಂದೊಂದು ಸಂಪ್ರದಾಯಕ್ಕೆ ಅದರದೇ ಪ್ರಮಾಣವು ಬೇಕು. ಕಲ್ಲಿನ ಮೇಲಣ ಹಸುರು ಕಲೆಯೂ ಪ್ರಮಾಣವಲ್ಲ. ಬೇವು, ಕೊತ್ತಂಬರಿ, ಗೋರಂಟಿಗಳೂ ಹಸುರನ್ನೇ ಬಿಡುವುವು.

ಆದುದರಿಂದ ಇಂತಹ ಕಲ್ಲನ್ನು ಸಂಗ್ರಹಿಸುವವರು ನೀರನ್ನೂ ಎಣ್ಣೆಯನ್ನೂ ಸೋಂಕಿಸದೆ, ಶುಭ್ರವಾದ ಒಣ ಕಾಗದದಲ್ಲಿ ಸುತ್ತಿ ಇಡಬೇಕು. ಶಿಲೆಯು ಮರಳುಗಲ್ಲೋ ಕರಿಕಲ್ಲೋ ಎಂಬುದನ್ನೂ, ಗುಳಿಯ ಆಳವನ್ನೂ, ಉಳಿಯ ಕಚ್ಚುಗಳು ಹೊಸವೋ ಸವೆದವೋ ಎಂಬುದನ್ನೂ ಬರೆದುಕೊಳ್ಳಬೇಕು. ಕಚ್ಚು ಹೊಸದಾಗಿದ್ದರೆ ಅದಕ್ಕಿಂತ ಹಿಂದಿನ ಶೇಷವನ್ನು ಕಚ್ಚಿನಲ್ಲಿ ಹುಡುಕುವುದು ವ್ಯರ್ಥ. ಉಳಿಯು ಮುಟ್ಟದೆ ಬಿಟ್ಟ ಗುಳಿಯ ತಳದಲ್ಲಿಯೂ, ಗುಂಡಿನ ಹಿಡಿಯು ಸವೆದ ಪಕ್ಕದಲ್ಲಿಯೂ ನೋಡಬೇಕು. ಕಲ್ಲಿನ ಒಡತಿಯು ಹೇಳಿದ ಮಾತನ್ನು ಅವಳ ಹೆಸರಿಲ್ಲದೆ ಬರೆದಿಟ್ಟರೆ ಸಾಕು.