ಔಲಿಯ ಹಿಮದ ಇಳಿಜಾರು: ಮಿತವ್ಯಯದ ಸ್ಕೀಯಿಂಗ್ ಪ್ರವಾಸಕ್ಕೆ ಸಿದ್ಧತೆ

ಹಿಮದ ಮೇಲೆ ಜಾರುವ ಆಟವೆಂದೊಡನೆ ನಮ್ಮಲ್ಲಿ ಹಲವರಿಗೆ ಸ್ವಿಟ್ಜರ್‌ಲೆಂಡ್, ತಪ್ಪಿದರೆ ಗುಲ್ಮಾರ್ಗ್ ನೆನಪಾಗುತ್ತದೆ. ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ವಿಮಾನದ ಹಂಗಿಲ್ಲದೆ, ಕಡಿಮೆ ಖರ್ಚಿನಲ್ಲಿ ತಲುಪಬಹುದಾದ ತಾಣವೊಂದಿದೆ. ಅದು ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿ. ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ ಹರಡಿರುವ ಈ ಪ್ರದೇಶ ಬೇಸಗೆಯಲ್ಲಿ ಹುಲ್ಲುಗಾವಲು, ಚಳಿಗಾಲದಲ್ಲಿ ಹಿಮದ ಹಾಸು. ದಿಗಂತದಲ್ಲಿ 7,816 ಮೀಟರ್ ಎತ್ತರದ ನಂದಾದೇವಿ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ಇಲ್ಲಿ ನಡೆದಿದ್ದರೂ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಈ ಹೆಸರು ಕಾಣುವುದು ಅಪರೂಪ.

ಹರಿದ್ವಾರ ಅಥವಾ ಋಷಿಕೇಶದವರೆಗೆ ರೈಲು. ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಟ್ಟದ ದಾರಿ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ಹಾದು ಹೋಗಲು ಇಡೀ ಹಗಲು ಬೇಕು. ನಸುಕಿನಲ್ಲೇ ಹೊರಡಬೇಕು, ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಪ್ರಯಾಣ ಸಲ್ಲದು. ಜೋಶಿಮಠವು ಶೃಂಗೇರಿಯಂತೆಯೇ ಶಂಕರಾಚಾರ್ಯರು ಸ್ಥಾಪಿಸಿದರೆಂದು ನಂಬಲಾದ ನಾಲ್ಕು ಆಮ್ನಾಯ ಪೀಠಗಳಲ್ಲೊಂದು. ಬದರಿಯ ಬಾಗಿಲು ಮುಚ್ಚಿದ ಮೇಲೆ ಆಚಾರ್ಯರ ಗದ್ದುಗೆಯನ್ನು ತಂದಿರಿಸುವ ನರಸಿಂಹ ದೇವಾಲಯವೂ ಇಲ್ಲಿದೆ. ಮಕ್ಕಳು ಹಿಮದಲ್ಲಿರುವಾಗ ಮನೆಯ ಹಿರಿಯರಿಗೆ ಹೊತ್ತು ಹೋಗದೆಂಬ ಚಿಂತೆಯಿಲ್ಲ.

ಆದರೆ ಇದೇ ಊರಿನ ಸಂಕಟವನ್ನು ಅರಿಯದೆ ಹೊರಡುವುದು ತರವಲ್ಲ. ಹಳೆಯ ಭೂಕುಸಿತದ ಮಣ್ಣುರಾಶಿಯ ಮೇಲೆ ನಿಂತ ಊರಿದು. ಇಲ್ಲಿ ಭಾರೀ ಕಟ್ಟಡಗಳು ಕೂಡದೆಂದು 1976ರಲ್ಲಿಯೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟು ನೂರಾರು ಕುಟುಂಬಗಳು ಮನೆ ತೊರೆದವು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಅದೇ ತಿಂಗಳು ನಿಂತಿತು. ಆದ್ದರಿಂದ ರೋಪ್‌ವೇ ಇಲ್ಲವೆಂದೇ ತಿಳಿದು, ಸುಮಾರು 16 ಕಿ.ಮೀ. ರಸ್ತೆಗೆ ಜೀಪಿನ ಖರ್ಚನ್ನು ಲೆಕ್ಕಕ್ಕೆ ಸೇರಿಸುವುದು ಜಾಣತನ. ಇಂಥ ಊರಿಗೆ ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ಹೋಗುವುದೇ ಸರಿಯೆಂದು ನನ್ನ ಅಭಿಪ್ರಾಯ. ಅಲ್ಲಿನ ಅನೇಕರ ಜೀವನೋಪಾಯ ಯಾತ್ರಿಕರು, ಪ್ರವಾಸಿಗರನ್ನೇ ನೆಚ್ಚಿದೆ. ಹೊಸ ಬಹುಮಹಡಿ ಹೋಟೆಲಿಗಿಂತ ಸಣ್ಣ ವಸತಿಗೃಹವನ್ನು ಆರಿಸಿಕೊಂಡರೆ ನಮಗೂ ಉಳಿತಾಯ, ಆ ನೆಲಕ್ಕೂ ಭಾರ ಕಡಿಮೆ.

ಹಿಮದ ಭರವಸೆ ಈಗ ಮೊದಲಿನಂತಿಲ್ಲ. 2023ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಸ್ಪರ್ಧೆಯೇ ಹಿಮದ ಕೊರತೆಯಿಂದ ರದ್ದಾಯಿತು. ಜನವರಿಯ ಕೊನೆಯಿಂದ ಫೆಬ್ರವರಿ ಮುಗಿಯುವವರೆಗಿನ ಅವಧಿ ಹೆಚ್ಚು ಅನುಕೂಲ. ಡಿಸೆಂಬರ್ ರಜೆಯನ್ನೇ ನೆಚ್ಚಿ ಹೋದರೆ ಬರೀ ಒಣ ಹುಲ್ಲು ನೋಡಿ ಮರಳಬೇಕಾದೀತು. ರದ್ದು ಮಾಡಿದರೆ ಹಣ ಹಿಂದಿರುಗುವ ಕಾಯ್ದಿರಿಸುವಿಕೆಯನ್ನೇ ಆರಿಸಿಕೊಳ್ಳಿ, ಹೊರಡುವ ಮುನ್ನ ವಸತಿಗೃಹಕ್ಕೆ ದೂರವಾಣಿ ಮಾಡಿ ಹಿಮವೆಷ್ಟಿದೆಯೆಂದು ಕೇಳಿ.

ಕಲಿಯುವ ಆಸೆಯುಳ್ಳವರಿಗೆ ಗಢವಾಲ್ ಮಂಡಲ್ ವಿಕಾಸ್ ನಿಗಮ ನಡೆಸುವ 7 ಮತ್ತು 14 ದಿನಗಳ ತರಬೇತಿಗಳೇ ಮಿತವ್ಯಯದ ದಾರಿ. ದಿನಬಾಡಿಗೆಗೆ ಸಲಕರಣೆ ಪಡೆದು ಖಾಸಗಿ ಶಿಕ್ಷಕರನ್ನು ಹಿಡಿದರೆ ವೆಚ್ಚ ಬೇಗ ಏರುತ್ತದೆ. ಸೇರುವ ಮೊದಲು ವಸತಿ, ಊಟ, ಸಲಕರಣೆಗಳಲ್ಲಿ ಯಾವುದೆಲ್ಲ ಶುಲ್ಕದೊಳಗಿದೆಯೆಂದು ಬರಹದಲ್ಲಿ ಪಡೆಯಿರಿ. ಮೊದಲ ಪಾಠ ಬೀಳುವುದು ಮತ್ತು ಏಳುವುದು. ಎರಡನೆಯದು ನಿಲ್ಲುವುದು: ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂಬದಿಗಳನ್ನು ಅಗಲಿಸಿ, ಒಳ ಅಂಚನ್ನು ಹಿಮಕ್ಕೆ ಒತ್ತಿದರೆ ವೇಗ ತಗ್ಗುತ್ತದೆ. ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದಿರಬೇಕು; ನಾಚಿಕೆಪಡದೆ ಎರಡು ಮೂರು ಜೊತೆ ಹಾಕಿ ನೋಡಿ. ಜೀನ್ಸ್ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಉಣ್ಣೆಯ ಒಳ ಉಡುಪು, ಅದರ ಮೇಲೆ ನೀರಿಳಿಯದ ಹೊರ ಉಡುಪು, ಕಪ್ಪು ಕನ್ನಡಕ ಇಷ್ಟಿರಲಿ. ಹೃದ್ರೋಗ, ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ವೃತ್ತಿಯಿಂದ ಬ್ಯಾಂಕಿನವನಾದ್ದರಿಂದ ಎರಡು ಮಾತು ಹೇಳದಿರಲಾರೆ. ಜೋಶಿಮಠದಲ್ಲಿಯೇ ಸಾಕಷ್ಟು ನಗದು ಪಡೆದುಕೊಳ್ಳಿ. ಬೆಟ್ಟದ ಮೇಲೆ ಯಂತ್ರವನ್ನಾಗಲಿ ಮೊಬೈಲ್ ಸಂಕೇತವನ್ನಾಗಲಿ ನಂಬಬೇಡಿ. ಎರಡನೆಯದಾಗಿ, ಅನೇಕ ವಿಮಾ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಗಳನ್ನು ಹೊರಗಿಡುತ್ತವೆ. ಸಣ್ಣ ಅಕ್ಷರದ ಆ ಪುಟವನ್ನು ಟಿಕೆಟ್ ಕೊಳ್ಳುವ ಮುನ್ನವೇ ಓದಿಕೊಳ್ಳಿ.