ಬೆರಳೆಣಿಕೆಯ ಜಪ

1993ರ ಏಪ್ರಿಲ್ 9, ಶುಭ ಶುಕ್ರವಾರ. ಮನೆಮಾತು ತಮಿಳಾದ ನಮ್ಮ ಬಾಯಲ್ಲಿ ಅದು ಪೆರಿಯ ವೆಳ್ಳಿ. ಅಂದು ಮಲೆ ಮಹದೇಶ್ವರ ಬೆಟ್ಟದಾಚೆ, ಪಾಲಾರಿನ ಹಾದಿಯಲ್ಲಿ ವೀರಪ್ಪನ್ ಗುಂಪು ಹೂತಿಟ್ಟ ನೆಲಬಾಂಬು ಸಿಡಿದು 22 ಜನ ಸತ್ತರು. ನಮ್ಮೂರು ಮಾರ್ಟಳ್ಳಿಯಲ್ಲಿ ಕತ್ತಲಾದ ಮೇಲೆ ಯಾರೂ ಬಾಗಿಲು ತೆಗೆಯಲಿಲ್ಲ. ಪಾಟಿ, ಅಂದರೆ ನನ್ನಜ್ಜಿ, ಬುಡ್ಡಿ ದೀಪ ಆರಿಸಿ ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಿಸುಮಾತಿನಲ್ಲಿ ಜಪಮಾಲೆ ಶುರು ಮಾಡಿದಳು. ಜಪಸರ ಗೋಡೆಯ ಮೊಳೆಯಲ್ಲೇ ಇತ್ತು. 'ಕೈಯಲ್ಲೇ ಹತ್ತು ಮಣಿ ಇದೆಯಲ್ಲ ಕಣ್ಣು' ಎಂದು ನನ್ನ ಬೆರಳನ್ನು ಒಂದೊಂದಾಗಿ ಮಡಿಸಿದಳು. ಹತ್ತು ಬೆರಳು ಮುಗಿದರೆ ಹತ್ತು ನಮೋ ಮರಿಯ. ಐದು ಸಲ ಮಡಿಸಿದರೆ ಐದು ರಹಸ್ಯ.

ನಮ್ಮನ್ನು ಆಗ ಹೆದರಿಸಿದ್ದು ಕಾಡಿನ ಗುಂಡಿನ ಸದ್ದು. ಬೆಟ್ಟಕ್ಕೆ ನಡೆದು ಹೋಗುವ ಪರಿಸೆಯವರು ನಮ್ಮ ಪೂಜೆಗೆ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಪೂಜೆಯನ್ನೇ ನಿಲ್ಲಿಸಿದ ಕಾಲವೊಂದು ಇದೇ ಕಾವೇರಿಯ ಮೇಲ್ಹರಿವಿನಲ್ಲಿ ನಡೆದುಹೋಗಿದೆ. ಅದನ್ನು ಓದುವಾಗೆಲ್ಲ ನನಗೆ ಆ ಕತ್ತಲ ಅಡುಗೆಮನೆ ನೆನಪಾಗುತ್ತದೆ.

1784ರ ಫೆಬ್ರವರಿ, ಬೂದಿ ಬುಧವಾರದ ಆಸುಪಾಸು. ಎರಡನೇ ಮೈಸೂರು ಯುದ್ಧ ಮುಗಿಯುತ್ತಿತ್ತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಟಿಪ್ಪು ಸುಲ್ತಾನನ ಸಿಟ್ಟು. ಅವನ ಆಜ್ಞೆಯಂತೆ ಊರೂರಿನಲ್ಲಿ ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬುದರಲ್ಲಿ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಲೆಕ್ಕಗಳಿವೆ. ಪಾದ್ರಿಗಳನ್ನು ಗಡಿಪಾರು ಮಾಡಿದರು, ಚರ್ಚುಗಳನ್ನು ಕೆಡವಿದರು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಚರ್ಚು ಮಾತ್ರ ಚೌಟ ಅರಸರ ಆಸರೆಯಿಂದ ಉಳಿಯಿತು ಎನ್ನುತ್ತಾರೆ. ಪಟ್ಟಣದಲ್ಲಿ ಗಂಡಸರಿಗೆ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಪಡೆಗೆ ಸೇರಿಸಿದರು.

ಹಾಗೆಂದು ಶ್ರೀರಂಗಪಟ್ಟಣಕ್ಕೆ ಕ್ರೈಸ್ತ ಪ್ರಾರ್ಥನೆ ಹೊಸದೇನಲ್ಲ. 17ನೇ ಶತಮಾನದ ನಡುವಿನಲ್ಲೇ, ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರು ಅಲ್ಲಿಗೆ ಬಂದಿದ್ದರು. ಕಾವಿಯುಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತು, ಧರ್ಮೋಪದೇಶವನ್ನು ಕನ್ನಡದಲ್ಲೇ ಬರೆದರು. ಮುಂದೆ 1773ರಲ್ಲಿ ಪೋಪರೇ ಯೇಸುಸಭೆಯನ್ನು ವಿಸರ್ಜಿಸಿದಾಗ ಇಲ್ಲಿನ ಗುರುಗಳ ಸಂಖ್ಯೆ ಕರಗಿತು. ಅಂದರೆ ಸೆರೆಗೆ ಮುಂಚೆಯೇ ಮೈಸೂರು ಸೀಮೆಯ ಕ್ರೈಸ್ತರಿಗೆ ಗುರುಗಳ ಮುಖ ಅಪರೂಪವಾಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈಗೆ ಬಿತ್ತು. ಮಾರ್ಟಳ್ಳಿ ಇರುವ ನಮ್ಮ ಕೊಳ್ಳೇಗಾಲ ಸೀಮೆ ಆ ವರ್ಷವೇ ಕಂಪನಿಯ ಪಾಲಾಗಿ ಕೊಯಮತ್ತೂರಿಗೆ ಸೇರಿತು. 1956ರವರೆಗೂ ಅಲ್ಲೇ ಇತ್ತು. ಅತ್ತ ಶ್ರೀರಂಗಪಟ್ಟಣದಲ್ಲಿ ಚದುರಿದವರನ್ನು ಕೂಡಿಸಲು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಬಂದರು. ನಿಲುವಂಗಿ, ಪೇಟ ತೊಟ್ಟು ಊರವರಂತೆಯೇ ಬಾಳಿದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಅಲ್ಲಿನ ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ. ಸಿಡುಬಿಗೆ ದಾಕು ಹಾಕಿಸಿದ್ದಕ್ಕೂ, ಸತ್ತಿಹಳ್ಳಿಯಲ್ಲಿ ಬಡವರಿಗೆ ಉಳುಮೆಯ ನೆಲೆ ಮಾಡಿಕೊಟ್ಟದ್ದಕ್ಕೂ ನಾನು ಅವರನ್ನು ಗೌರವಿಸುತ್ತೇನೆ. ಆದರೆ ಭಾರತ ಬಿಟ್ಟು ಹೋದ 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಅವರು ಈ ಸೆರೆಯಾಳುಗಳ ಬಗ್ಗೆ ಕಟುವಾಗಿ ಬರೆದರು: ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದುನಿಂತು ತನ್ನ ವಿಶ್ವಾಸವನ್ನು ಸಾರಲಿಲ್ಲ, ಇದು ನಾಚಿಕೆಗೇಡು ಎಂಬರ್ಥದಲ್ಲಿ.

ಈ ಮಾತು ನನ್ನನ್ನು ಬಹಳ ಸಲ ನೋಯಿಸಿದೆ. ಕತ್ತಿಯ ಕೆಳಗೆ ಮಕ್ಕಳನ್ನು ನಿಲ್ಲಿಸಿಕೊಂಡವರಿಂದ ಎಂಥ ಸಾರುವಿಕೆಯನ್ನು ಕೇಳುವುದು? ಹದಿನೈದು ವರ್ಷವೆಂದರೆ, ಸೆರೆಯಲ್ಲಿ ಹುಟ್ಟಿದ ಕೂಸು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಆ ಕೂಸು ಚರ್ಚನ್ನು ಕಂಡಿಲ್ಲ, ಬಲಿಪೂಜೆಯ ಗಂಟೆ ಕೇಳಿಲ್ಲ. ಆದರೂ ಕೋಟೆ ಬಿದ್ದಾಗ ಸಾವಿರಾರು ಜನ ತಾವು ಕ್ರೈಸ್ತರೆಂದೇ ಹೇಳಿಕೊಂಡು ಬಂದರು. ಘಟ್ಟವಿಳಿದು ಹೋಗಿ ಬಿದ್ದ ಚರ್ಚುಗಳನ್ನು ಕಟ್ಟಿದರು. ಅದಕ್ಕೂ ಮೊದಲೇ ತಪ್ಪಿಸಿಕೊಂಡವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ನೆಲ ಕೊಟ್ಟಿದ್ದರು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದು.

ಸೆರೆಯಲ್ಲಿ ಹುಟ್ಟಿದ ಆ ಕೂಸಿಗೆ ಜಪವನ್ನು ಯಾರೋ ಹೇಳಿಕೊಟ್ಟಿರಬೇಕು. ಬಲಿಪೂಜೆಗೆ ಗುರು ಬೇಕು, ಪಾಪನಿವೇದನೆಗೆ ಗುರು ಬೇಕು. ಜ್ಞಾನಸ್ನಾನವನ್ನು ಮಾತ್ರ, ಆಪತ್ತಿನಲ್ಲಿ, ಒಂದು ಬೊಗಸೆ ನೀರಿನಿಂದ ಯಾರೂ ಕೊಡಬಹುದು. ಇದು ಸಭೆಯ ಹಳೆಯ ಕಟ್ಟಳೆ. ಪರಲೋಕ ಮಂತ್ರಕ್ಕೂ ನಮೋ ಮರಿಯಕ್ಕೂ ನೆನಪೊಂದಿದ್ದರೆ ಸಾಕು, ಪುಸ್ತಕ ಬೇಡ. ಹೊಸ ಹೆಸರಿನ ಗಂಡ ಪಡೆಯಿಂದ ಬಂದು ಊಟಕ್ಕೆ ಕೂತಾಗ, ಒಲೆಯ ಮುಂದೆ ತಾಯಿ ಮಗುವಿನ ಬೆರಳು ಮಡಿಸಿದ್ದನ್ನು ಯಾವ ದಫ್ತರವೂ ಬರೆದಿಡುವುದಿಲ್ಲ. ನಡೆದದ್ದು ಹೀಗೇ ಎಂದು ಸಾಧಿಸಲಾರೆ. ಆದರೆ ವಿಶ್ವಾಸ ಬೇರೆ ಹೇಗೆ ಉಳಿದೀತು ಎಂಬ ಪ್ರಶ್ನೆಗೆ ನನಗೆ ಬೇರೆ ಉತ್ತರ ತೋಚಿಲ್ಲ.

ನಾವು ಆ ಸೆರೆಯವರ ವಂಶದವರಲ್ಲ. ಆದರೂ ಪಾಟಿಗೆ ಈ ಕತೆ ಹೇಳಿ, ಒಂದು ಸಲ ಗಂಜಾಂಗೆ ಕರೆದುಕೊಂಡು ಹೋದೆ. ಚರ್ಚಿನಲ್ಲಿ ನಾವಿಬ್ಬರೇ ಇದ್ದೆವು. ಅವಳು ಮೊಣಕಾಲೂರಿ, ಸೆರಗಿನೊಳಗೆ ಬೆರಳು ಮಡಿಸುತ್ತ ಐದು ರಹಸ್ಯವನ್ನೂ ಹೇಳಿ ಮುಗಿಸಿದಳು. 'ಯಾರಿಗೆ ಪಾಟಿ?' ಎಂದೆ. 'ಹೆಸರು ಬದಲಾದವರಿಗೆ' ಎಂದಳು.