ಮಿದುಳಿನ ಆಟೋಇಮ್ಯೂನ್ ಕಾಯಿಲೆಗಳು: ನಾಯಿ ಕಡಿತದ ಚುಚ್ಚುಮದ್ದಿನಿಂದ ದೇರಳಕಟ್ಟೆಯ ಲ್ಯಾಬಿನವರೆಗೆ

ರೋಗಾಣುಗಳನ್ನು ತಡೆಯಬೇಕಾದ ದೇಹದ ಕಾವಲು ಪಡೆ ಮಿದುಳನ್ನೋ ಬೆನ್ನುಹುರಿಯನ್ನೋ ಕಣ್ಣಿನ ನರವನ್ನೋ ಹಗೆಯೆಂದು ಬಗೆದು ಮೇಲೆ ಬೀಳುವುದರಿಂದ ಬರುವವು ಮಿದುಳಿನ ಆಟೋಇಮ್ಯೂನ್ ಕಾಯಿಲೆಗಳು. ಕರ್ನಾಟಕದಲ್ಲಿ ಇವು ಬಹುಕಾಲ ಬೇರೆ ಹೆಸರುಗಳ ಮರೆಯಲ್ಲಿದ್ದವು. ಮಲೆನಾಡಿನಲ್ಲಿ ಜ್ವರದ ಬೆನ್ನಿಗೆ ಪ್ರಜ್ಞೆ ತಪ್ಪಿದರೆ ವೈರಸ್ಸನ್ನೇ ಶಂಕಿಸುವುದು ರೂಢಿ. ಅದು ಸಹಜವೂ ಹೌದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು. ಅದರ ಜ್ವರ ಮರುಕಳಿಸಿದಾಗ ಕೆಲವರಲ್ಲಿ ಮಿದುಳೂ ಬಾಧೆಗೊಳಗಾಗುತ್ತದೆ. ರೋಗಾಣುವಿನ ಹಂಗಿಲ್ಲದೆಯೂ ಮಿದುಳಿಗೆ ಉರಿಯೂತ ಬರಬಹುದೆಂಬ ಸುಳಿವು ಮೊದಲು ಸಿಕ್ಕಿದ್ದು ಮಾತ್ರ ನಾಯಿ ಕಡಿತದ ಚುಚ್ಚುಮದ್ದಿನಲ್ಲಿ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದರೆ ಹಿರಿಯರು ಈಗಲೂ ಹೊಟ್ಟೆ ಮುಟ್ಟಿಕೊಳ್ಳುತ್ತಾರೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ಲಸಿಕೆಗೆ ಹುಚ್ಚುನಾಯಿ ರೋಗದ ವೈರಸ್ಸನ್ನು ಪ್ರಾಣಿಯ ಮಿದುಳಿನಲ್ಲಿ ಬೆಳೆಸುತ್ತಿದ್ದರು. ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಕುರಿಯ ಮಿದುಳು. ಸತ್ತ ವೈರಸ್ಸಿನ ಜತೆ ನರದ ಹೊದಿಕೆಯಾದ ಮಯಲಿನ್ ಕೂಡ ಮೈಗೆ ಸೇರುತ್ತಿತ್ತು. ಕೆಲವರ ದೇಹ ಅದರ ವಿರುದ್ಧವೂ ಹೋರಾಟಕ್ಕಿಳಿಯುತ್ತಿತ್ತು. ಕುರಿಯ ಮಯಲಿನ್ನಿಗೂ ಮನುಷ್ಯನದಕ್ಕೂ ಹೋಲಿಕೆ ಹೆಚ್ಚು. ಹೀಗಾಗಿ ವಾರ ಹದಿನೈದು ದಿನಗಳಲ್ಲಿ ಕಾಲು ಸೋಲುತ್ತಿತ್ತು, ಮೂತ್ರ ಕಟ್ಟುತ್ತಿತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ರಿವರ್ಸ್ ಆರೋಗ್ಯವಂತ ಮೊಲಗಳ ಮಿದುಳಿನ ಸಾರವನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿ ಇದೇ ಬಗೆಯ ಕಾಯಿಲೆ ತರಿಸಿದರು. ದೋಷ ಮಿದುಳಿನ ಅಂಶದ್ದೆಂದು ಗೊತ್ತಾದ ಮೇಲೂ ಭಾರತ ಈ ಲಸಿಕೆಯನ್ನು ಕೈಬಿಡಲು 2004ರ ಕೊನೆಯವರೆಗೆ ಕಾಯಿತು. ಅಗ್ಗವೆಂಬುದೊಂದೇ ಅದರ ಬಲವಾಗಿತ್ತು. ಈ ಲಸಿಕೆಯಿಂದ ನರರೋಗಕ್ಕೆ ತುತ್ತಾದವರ ಬಗ್ಗೆ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಪ್ರಕಟಿಸಿದ ವರದಿ, ರಾಜ್ಯದಲ್ಲಿ ಈ ಕ್ಷೇತ್ರದ ಮೊದಲ ಗಟ್ಟಿ ದಾಖಲೆಗಳಲ್ಲಿ ಒಂದು.

ಆ ದಿನಗಳಲ್ಲಿ, ಮಯಲಿನ್ನಿಗೇ ಏಟು ಬೀಳುವ ಇನ್ನೊಂದು ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಶೀತ ದೇಶದ ಬಿಳಿಯರ ಕಾಯಿಲೆ, ನಮ್ಮಲ್ಲಿ ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು ಎಂಬ ನಂಬಿಕೆ ಬಲವಾಗಿತ್ತು. ಅದನ್ನು ಲೆಕ್ಕ ಹಾಕಿ ಪರೀಕ್ಷಿಸಿದವರು ಮಂಗಳೂರಿನ ನರರೋಗ ತಜ್ಞೆ ಲೇಖಾ ಪಂಡಿತ್. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿದ್ದುಕೊಂಡು ಅವರು ರೋಗಿಗಳ ನೋಂದಣಿಯೊಂದನ್ನು ಕಟ್ಟಿದರು. ಕೇಂಬ್ರಿಜ್‌ನ ಸ್ಟೀಫನ್ ಸಾಸರ್ ತಂಡದೊಂದಿಗೆ ಸೇರಿ, ಯುರೋಪಿನವರಲ್ಲಿ ಎಂಎಸ್ ಅಪಾಯ ಹೆಚ್ಚಿಸುವ ಜೀನುಗಳು ಭಾರತೀಯರಲ್ಲೂ ಹಾಗೆಯೇ ವರ್ತಿಸುತ್ತವೆಯೇ ಎಂದು ನೋಡಿ 2011ರಲ್ಲಿ ಪ್ರಕಟಿಸಿದರು. 2014ರಲ್ಲಿ ಮಂಗಳೂರು ನಗರದ ಎಣಿಕೆ ಹೊರಬಂತು. ಬೇರೆ ಬೇರೆ ಮೂಲಗಳ ಪಟ್ಟಿಗಳನ್ನು ತಾಳೆ ಹಾಕಿ, ತಪ್ಪಿಹೋದವರನ್ನೂ ಅಂದಾಜಿಸುವ ವಿಧಾನ ಅದು. ಕೆರೆಯ ಮೀನು ಎಣಿಸುವವರು ಬಳಸುವ ಲೆಕ್ಕವೇ. ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇತ್ತು. ಕಾಯಿಲೆ ವಿರಳವೆಂದು ತೋರಿದ್ದರಲ್ಲಿ ಎಂಆರ್‌ಐ ಯಂತ್ರಗಳ ಮತ್ತು ನರರೋಗ ತಜ್ಞರ ಕೊರತೆಯ ಪಾಲು ದೊಡ್ಡದಿರಬೇಕು.

ಅದೇ ಎಣಿಕೆಯಲ್ಲಿ ಇನ್ನೊಂದು ಕಾಯಿಲೆಯೂ ಕಾಣಿಸಿತು: ನ್ಯೂರೋಮಯಲೈಟಿಸ್ ಆಪ್ಟಿಕಾ, ಎನ್‌ಎಂಒ. ಕಣ್ಣು ಮತ್ತು ಬೆನ್ನುಹುರಿಯನ್ನು ಹಿಡಿಯುವ ಇದನ್ನು 1894ರಲ್ಲಿ ಫ್ರಾನ್ಸಿನ ದೇವಿಕ್ ವರ್ಣಿಸಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಎಂಎಸ್‌ನ ಒಂದು ರೂಪವೆಂದೇ ಹಲವರು ಎಣಿಸಿದ್ದರು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವಂಡಾ ಲೆನನ್ ತಂಡ ಇದಕ್ಕೇ ಮೀಸಲಾದ ಪ್ರತಿಕಾಯವೊಂದನ್ನು ಕಂಡುಹಿಡಿಯಿತು. ಮರುವರ್ಷ ಅದರ ಗುರಿ ಅಕ್ವಾಪೋರಿನ್-4 ಎಂಬ ನೀರಿನ ಕಾಲುವೆಯೆಂದು ತಿಳಿಯಿತು. ವ್ಯತ್ಯಾಸ ಬರೀ ಹೆಸರಿನದಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ರೋಗಿಯನ್ನು ಇನ್ನಷ್ಟು ಕೆಡಿಸಬಹುದು.

ಹಾಗಾಗಿ ರಕ್ತಪರೀಕ್ಷೆ ಕೈಗೆಟಕುವುದು ಮುಖ್ಯವಾಯಿತು. ಪಂಡಿತ್ ಅವರ ದೇರಳಕಟ್ಟೆಯ ಲ್ಯಾಬು ಇದಕ್ಕೆ ಜೀವಕೋಶ ಆಧಾರಿತ ಪರೀಕ್ಷೆಯನ್ನು ತಾನೇ ಸಜ್ಜುಗೊಳಿಸಿಕೊಂಡಿತು. ಹೊರಮೈಯಲ್ಲಿ ಅಕ್ವಾಪೋರಿನ್ ತೋರುವಂತೆ ಬೆಳೆಸಿದ ಕೋಶಗಳ ಮೇಲೆ ರೋಗಿಯ ಸೀರಮ್ ಹಾಕುತ್ತಾರೆ. ಪ್ರತಿಕಾಯವಿದ್ದರೆ ಅಂಟಿಕೊಂಡು, ಬಣ್ಣ ಹಚ್ಚಿದಾಗ ಸೂಕ್ಷ್ಮದರ್ಶಕದಡಿ ಹೊಳೆಯುತ್ತದೆ. ಇದೇ ತಂತ್ರ ಮಾಗ್ ಎಂಬ ಮಯಲಿನ್ ಪ್ರೋಟೀನಿಗೂ ಒದಗುತ್ತದೆ. ಪಂಡಿತ್ ತಂಡ ಜಪಾನಿನ ಸಂಶೋಧಕರ ಜತೆ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಗ್ ಪ್ರತಿಕಾಯವಿರುವ ಭಾರತೀಯರಲ್ಲಿ ಮರುಕಳಿಸುವ ಕಣ್ಣಿನ ನರದ ಉರಿಯೂತ ಹಾಗೂ ಬೆನ್ನುಹುರಿಯ ಉರಿಯೂತವೇ ಹೆಚ್ಚು.

ಈ ಕಾಯಿಲೆಗಳ ಇನ್ನೊಂದು ಕವಲು 2007ರಲ್ಲಿ ಟಿಸಿಲೊಡೆಯಿತು. ನರರೋಗ ತಜ್ಞ ಜೋಸೆಪ್ ದಲ್ಮಾವು ನರಕೋಶಗಳ ಮೇಲಿನ ಎನ್‌ಎಂಡಿಎ ಗ್ರಾಹಕದ ವಿರುದ್ಧದ ಪ್ರತಿಕಾಯವನ್ನು ಗುರುತಿಸಿದರು. ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಿಗೆ ಬರುವ ಈ ಮಿದುಳಿನ ಉರಿಯೂತದಲ್ಲಿ ಮೊದಲು ಮಾತು ಅಡ್ಡಾದಿಡ್ಡಿಯಾಗುತ್ತದೆ, ಆಮೇಲೆ ಫಿಟ್ಸ್, ಬಾಯಿಯ ವಿಚಿತ್ರ ಚಲನೆ. ಕೆಲವರಲ್ಲಿ ಅಂಡಾಶಯದ ಗೆಡ್ಡೆ ಇದರ ಮೂಲ. ತೆಗೆದರೆ ಚೇತರಿಕೆಗೆ ದಾರಿಯಾಗುತ್ತದೆ. ಹಳ್ಳಿಯಲ್ಲಿ ಗಾಳಿ ಸೋಕಿದೆ ಎನ್ನುತ್ತಾರೆ, ಪಟ್ಟಣದಲ್ಲಿ ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಾರೆ. ಎರಡರಲ್ಲೂ ಕಳೆದುಹೋಗುವುದು ಚಿಕಿತ್ಸೆಯ ವಾರಗಳು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಮನೋರೋಗ ಮತ್ತು ನರರೋಗ ವಿಭಾಗಗಳು ಒಂದೇ ಆವರಣದಲ್ಲಿರುವುದು ಇಲ್ಲಿ ನೆರವಿಗೆ ಬಂತು. ಎಂ. ನೇತ್ರಾವತಿ ಮತ್ತು ಸಹೋದ್ಯೋಗಿಗಳು ಅಲ್ಲಿನ ಆಟೋಇಮ್ಯೂನ್ ಎನ್ಸೆಫಲೈಟಿಸ್ ರೋಗಿಗಳ ಬಗ್ಗೆ ವರದಿಗಳನ್ನು ಪ್ರಕಟಿಸಿದ್ದಾರೆ.

ಈ ಕಾಯಿಲೆಗಳ ಚಿಕಿತ್ಸೆಯ ಆರಂಭ ಈಗಲೂ ಸ್ಟಿರಾಯ್ಡ್‌ನಿಂದ, ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ. ಮರುಕಳಿಸದಂತೆ ಅಜಾಥಯೋಪ್ರಿನ್ ಅಥವಾ ರಿಟುಕ್ಸಿಮ್ಯಾಬ್. ಎನ್‌ಎಂಒಗೆಂದೇ 2019ರಿಂದ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ಔಷಧಗಳ ಬೆಲೆ ಇಲ್ಲಿನ ಬಹುತೇಕ ಮನೆಗಳಿಗೆ ನಿಲುಕದ್ದು. ಕಾವಲು ತಗ್ಗಿಸುವ ಔಷಧ ಅವಿತಿದ್ದ ಕ್ಷಯವನ್ನು ಎಬ್ಬಿಸಬಹುದಾದ್ದರಿಂದ, ಇಲ್ಲಿನ ವೈದ್ಯರು ಮೊದಲು ಅದನ್ನು ಹುಡುಕುತ್ತಾರೆ. 2023ರಲ್ಲಿ ಮಾಗ್ ಕಾಯಿಲೆಗೆ ಅಂತರರಾಷ್ಟ್ರೀಯ ಮಾನದಂಡಗಳು ಬಂದವು. ಲಕ್ಷಣಗಳೆಲ್ಲ ಎನ್‌ಎಂಒದವೇ ಆಗಿದ್ದರೂ ಅಕ್ವಾಪೋರಿನ್ ಪ್ರತಿಕಾಯವೂ ಮಾಗ್ ಪ್ರತಿಕಾಯವೂ ಸಿಗದ ರೋಗಿಗಳ ಗುಂಪೊಂದು ಇನ್ನೂ ಉಳಿದಿದೆ. ಅವರ ಸೀರಮ್ ಅಂಟಿಕೊಳ್ಳುವ ಪ್ರೋಟೀನು ಯಾವುದೆಂಬ ಹುಡುಕಾಟ ಲ್ಯಾಬುಗಳಲ್ಲಿ ನಡೆಯುತ್ತಿದೆ.